ಮಿಕ್ಸರಿನ ಸುಳಿಧಾರೆಯಲ್ಲಿ ಹರಿವು ಅಳೆಯುವುದು: ಮೊದಲು ತಳ್ಳುಬಲ, ಆಮೇಲೆ ಲೀಟರ್ ಲೆಕ್ಕ

ಕೊಡಗಿನ ಕಾಫಿ ತೋಟಗಳಲ್ಲಿ ನವೆಂಬರ್ ಹೊತ್ತಿಗೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ತಿರುಗತೊಡಗಿದರೆ ಅರೇಬಿಕಾ ಮುಗಿದು ರೊಬಸ್ಟಾ ಕಣಕ್ಕೆ ಬರುವ ತನಕ ಅದಕ್ಕೆ ಬಿಡುವಿಲ್ಲ. ಹಣ್ಣಿನ ಸಿಪ್ಪೆ, ಬೀಜದ ಮೇಲಿನ ಲೋಳೆ, ತೊಳೆದ ನೀರು ಸೇರಿ ಬರುವ ಆ ಹುಳಿ ನೀರನ್ನು ಹಾಗೆಯೇ ತೋಡಿಗೆ ಬಿಟ್ಟರೆ ಅದು ಕೊನೆಗೆ ಸೇರುವುದು ಕಾವೇರಿಗೋ ಹಾರಂಗಿಗೋ ಲಕ್ಷ್ಮಣತೀರ್ಥಕ್ಕೋ. ಅದಕ್ಕೇ ಹೊಂಡ, ಸುಣ್ಣ, ಗಾಳಿಯಾಡಿಸುವ ವ್ಯವಸ್ಥೆ. ಹೊಂಡದ ತಳದಲ್ಲಿ ಸುಣ್ಣ ಕೂರದಂತೆ, ಮೇಲೆ ಲೋಳೆ ಕೆನೆಗಟ್ಟದಂತೆ ಕದಡುತ್ತಿರಲು ಮುಳುಗು ಮಿಕ್ಸರ್ ಇಳಿಸುತ್ತಾರೆ. ನೀರೊಳಗೇ ಇರುವ ಮೋಟಾರು, ಅದರ ಮೂತಿಗೆ ಎರಡು ಅಥವಾ ಮೂರು ಅಲಗಿನ ಪ್ರೊಪೆಲ್ಲರ್, ಇಳಿಸಿ ಏರಿಸಲು ಒಂದು ಕಂಬ. ಇಷ್ಟೇ ಯಂತ್ರ.

ಯಂತ್ರ ಸರಳ. ಆದರೆ ಅದರ ಹರಿವು ಎಷ್ಟು ಎಂದು ಕೇಳಿದಾಗ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದೇ ಅಳತೆಯ ಪ್ರೊಪೆಲ್ಲರಿಗೆ ಒಂದು ಕಾಗದದಲ್ಲಿ ಸೆಕೆಂಡಿಗೆ ನೂರು ಲೀಟರ್ ಎಂದಿದ್ದರೆ ಇನ್ನೊಂದರಲ್ಲಿ ನಾನೂರು, ಮತ್ತೊಂದರಲ್ಲಿ ಸಾವಿರ ಇರುತ್ತದೆ. ಮೂರೂ ನಿಜವಿರಬಹುದು. ಪೈಪಿನೊಳಗಿನ ಹರಿವಿಗೆ ಗೋಡೆಯಿದೆ, ಎಲ್ಲಿ ಅಳೆದರೂ ಒಂದೇ ಲೆಕ್ಕ. ತೆರೆದ ನೀರಿಗೆ ನುಗ್ಗುವ ಧಾರೆಗೆ ಗೋಡೆಯಿಲ್ಲ. ಅದು ಮುಂದೆ ಹೋದಂತೆ ಪಕ್ಕದ ನೀರನ್ನು ಸೆಳೆದುಕೊಂಡು ಹಿಗ್ಗುತ್ತದೆ. ಎಲ್ಲಿ ಅಳೆದದ್ದು, ಧಾರೆಯ ಅಂಚು ಎಂದು ಯಾವುದನ್ನು ಹಿಡಿದದ್ದು ಎಂಬುದನ್ನು ಹೇಳದೆ ಕೊಟ್ಟ ಹರಿವಿನ ಸಂಖ್ಯೆಯಿಂದ ಮಿಕ್ಸರ್ ಆರಿಸಲು ಆಗುವುದಿಲ್ಲ. ಹಿಗ್ಗುವ ಧಾರೆಯಲ್ಲಿ ದೂರದೊಂದಿಗೆ ಬದಲಾಗದೆ ಉಳಿಯುವುದು ಸಂವೇಗ, ಅಂದರೆ ಪ್ರೊಪೆಲ್ಲರ್ ನೀರಿಗೆ ಕೊಟ್ಟ ತಳ್ಳುಬಲ. ಹಾಗಾಗಿ ಮೊದಲು ತಳ್ಳುಬಲ ಅಳೆಯಬೇಕು, ಅದಕ್ಕೆ ತಾಳೆ ನೋಡಿಕೊಂಡು ಹರಿವನ್ನು ಲೆಕ್ಕ ಹಾಕಬೇಕು. ಮುಳುಗು ಮಿಕ್ಸರ್‌ಗಳ ಪರೀಕ್ಷೆಗೆಂದೇ 2007ರಲ್ಲಿ ಬಂದ ಐಎಸ್‌ಒ 21630 ಮಾನಕ ಮುಖ್ಯವಾಗಿ ಕೇಳುವುದೂ ತಳ್ಳುಬಲ ಮತ್ತು ಅದಕ್ಕೆ ತಗಲುವ ವಿದ್ಯುತ್ತನ್ನೇ.

ಲೆಕ್ಕಕ್ಕೆ ಒಂದು ಯಂತ್ರ

ಮುಂದಿನ ಎಲ್ಲ ಸಂಖ್ಯೆಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 300 ಮಿ.ಮೀ. ವ್ಯಾಸದ, ಸುತ್ತ ಕವಚವಿಲ್ಲದ ಪ್ರೊಪೆಲ್ಲರ್, ನಿಮಿಷಕ್ಕೆ 960 ಸುತ್ತು, ತಳ್ಳುಬಲ 300 ನ್ಯೂಟನ್, ಶಾಫ್ಟಿನಲ್ಲಿ 1.2 ಕಿಲೋವ್ಯಾಟ್, ಮೀಟರಿನಲ್ಲಿ 1.5 ಕಿಲೋವ್ಯಾಟ್.

ಪ್ರೊಪೆಲ್ಲರ್ ನೀರನ್ನು ಹಿಂದಿನಿಂದ ಎಳೆದು ಮುಂದಕ್ಕೆ ತಳ್ಳುವಾಗ ಧಾರೆ ಮೊದಲು ಸ್ವಲ್ಪ ಕಿರಿದಾಗುತ್ತದೆ. ಹಡಗು ಶಾಸ್ತ್ರದಲ್ಲಿ 19ನೇ ಶತಮಾನದಿಂದ ಬಂದ ಸಂವೇಗ ಸಿದ್ಧಾಂತದ ಪ್ರಕಾರ ಧಾರೆಯ ವ್ಯಾಸ ಪ್ರೊಪೆಲ್ಲರ್ ವ್ಯಾಸದ 0.71 ಪಟ್ಟಿಗೆ ಇಳಿಯುತ್ತದೆ, ವೇಗ ತಟ್ಟೆಯಲ್ಲಿ, ಅಂದರೆ ಅಲಗುಗಳು ತಿರುಗುವ ವೃತ್ತದಲ್ಲಿ, ಇದ್ದುದರ ಎರಡರಷ್ಟಾಗುತ್ತದೆ. ನಮ್ಮ ಯಂತ್ರಕ್ಕೆ ತಟ್ಟೆಯಲ್ಲಿ 1.46, ಕಿರಿದಾದ ಜಾಗದಲ್ಲಿ 2.91 ಮೀ/ಸೆ. ತಟ್ಟೆಯ ಮೂಲಕ ಹಾಯುವ ನೀರು ಸೆಕೆಂಡಿಗೆ 103 ಲೀಟರ್.

ಅಲ್ಲಿಂದ ಮುಂದೆ ಹಿಗ್ಗಾಟ ಶುರು. ಸುಳಿಯಿಲ್ಲದ ನೇರ ಧಾರೆಯಾಗಿದ್ದರೆ ನಡುವಿನ ವೇಗದ ಶೇ. 37ಕ್ಕೆ ಇಳಿಯುವ ತ್ರಿಜ್ಯ ದೂರದ 0.11 ಪಟ್ಟಿನಷ್ಟು, 3 ಮೀಟರ್ ದೂರದಲ್ಲಿ ಹರಿವು ಸುಮಾರು 440 ಲೀಟರ್. ಪ್ರೊಪೆಲ್ಲರ್ ಧಾರೆ ಹಾಗಿರುವುದಿಲ್ಲ. ಅಲಗು ನೀರನ್ನು ತಿರುಗಿಸಿಯೇ ಬಿಡುತ್ತದೆ, ಅಲಗಿನ ತುದಿಯಲ್ಲಿ ಹುಟ್ಟುವ ಸುಳಿಗಳು ಅಂಚನ್ನು ಕಲಕುತ್ತವೆ, ಧಾರೆ ಬೇಗ ಅಗಲವಾಗುತ್ತದೆ. ಬಂದರಿನ ತಳವನ್ನು ಹಡಗಿನ ಪ್ರೊಪೆಲ್ಲರ್ ಕೊರೆಯುವುದನ್ನು ಲೆಕ್ಕ ಹಾಕಲು 1978ರಲ್ಲಿ ಬ್ಲಾವ್ ಮತ್ತು ವಾನ್ ಡೆ ಕಾ ಕೊಟ್ಟ ಸೂತ್ರದಲ್ಲಿ ಅದೇ ತ್ರಿಜ್ಯ ದೂರದ 0.25 ಪಟ್ಟು. ಅದರಂತೆ 3 ಮೀಟರಿನಲ್ಲಿ ಹರಿವು ಸುಮಾರು 1,050 ಲೀಟರ್. ನೂರು, ನಾನೂರು, ಸಾವಿರ: ಯಂತ್ರ ಒಂದೇ, ತಳ್ಳುಬಲ ಒಂದೇ. ಹಡಗಿನ ಸೂತ್ರವನ್ನು ಕುರುಡಾಗಿ ಮಿಕ್ಸರಿಗೆ ಹಾಕಿ ಎಂದು ಹೇಳುತ್ತಿಲ್ಲ. ಅಲಗಿನ ವಾಲು, ಕವಚ ಇದೆಯೇ ಇಲ್ಲವೇ, ಮೋಟಾರಿನ ಗಾತ್ರ, ಎಲ್ಲವೂ ಹಿಗ್ಗುವ ಪ್ರಮಾಣವನ್ನು ಬದಲಿಸುತ್ತವೆ. ಅದಕ್ಕಾಗಿಯೇ ಅಳೆಯಬೇಕು.

ತಳ್ಳುಬಲ ಅಳೆಯುವ ಚೌಕಟ್ಟು

ಹೊಂಡದ ಮೇಲೆ ಅಡ್ಡಲಾಗಿ ಗಟ್ಟಿಯಾದ ಎರಡು ಐ-ಬೀಮ್. ಅವುಗಳ ನಡುವೆ ಬೇರಿಂಗಿನ ಮೇಲೆ ತೂಗಾಡುವ ಒಂದು ನೇರ ಕಂಬ, ಕಂಬದ ಕೆಳತುದಿಗೆ ಮಿಕ್ಸರ್, ಮೇಲ್ತುದಿಗೆ ಬಲ ಅಳೆಯುವ ಲೋಡ್ ಸೆಲ್. ತಿರುಗಣೆಯಿಂದ ಪ್ರೊಪೆಲ್ಲರ್ ಅಕ್ಷಕ್ಕೆ 1.8 ಮೀಟರ್, ಲೋಡ್ ಸೆಲ್‌ಗೆ 0.6 ಮೀಟರ್ ಇದ್ದರೆ 300 ನ್ಯೂಟನ್ ತಳ್ಳುಬಲ ಲೋಡ್ ಸೆಲ್‌ನಲ್ಲಿ 900 ನ್ಯೂಟನ್ ಆಗಿ ಕಾಣುತ್ತದೆ. 2,000 ನ್ಯೂಟನ್ ಸಾಮರ್ಥ್ಯದ ಎಸ್ ಆಕಾರದ ಸೆಲ್ ಸಾಕು. ಕಂಬವನ್ನು ಲೋಡ್ ಸೆಲ್‌ಗೆ ಬೋಲ್ಟ್ ಹಾಕಿ ಬಿಗಿಯಬೇಡಿ. ಎರಡೂ ತುದಿಗೆ ಗುಂಡು ಕೀಲಿರುವ ಸಣ್ಣ ಕೊಂಡಿ ಹಾಕಿ, ಇಲ್ಲದಿದ್ದರೆ ಕಂಬ ಬಳುಕಿದ್ದೂ ತಳ್ಳುಬಲವೆಂದು ಲೆಕ್ಕಕ್ಕೆ ಸೇರುತ್ತದೆ.

ಅಳತೆಗೋಲಿನ ಲೆಕ್ಕವನ್ನು ನಂಬಿ ಕೂರಬಾರದು, ತೂಕ ಹಾಕಿ ತಾಳೆ ನೋಡಬೇಕು. ಪ್ರೊಪೆಲ್ಲರ್ ಅಕ್ಷದ ಮಟ್ಟದಲ್ಲಿ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ 10, 20, 30 ಕೆ.ಜಿ. ಏರಿಸುತ್ತ ಹೋಗಿ, ಅದೇ ಕ್ರಮದಲ್ಲಿ ಇಳಿಸಿ. ಕೊಡಗಿನ ಅಕ್ಷಾಂಶ ಮತ್ತು ಎತ್ತರಕ್ಕೆ ಗುರುತ್ವ 9.78; ಹಾಗಾಗಿ 30 ಕೆ.ಜಿ. ಎಂದರೆ 293 ನ್ಯೂಟನ್. ಏರುವಾಗಿನ ಮತ್ತು ಇಳಿಯುವಾಗಿನ ಓದು ಬೇರೆಯಾಗಿದ್ದರೆ ಬೇರಿಂಗಿನಲ್ಲಿ ಘರ್ಷಣೆ ಇದೆ ಎಂದರ್ಥ. 5 ನ್ಯೂಟನ್‌ಗಿಂತ ಹೆಚ್ಚು ಅಂತರವಿದ್ದರೆ ಮುಂದುವರಿಯಬೇಡಿ. ರಾಟೆಗೂ ಘರ್ಷಣೆ ಇರುತ್ತದೆ, ಒಳ್ಳೆಯ ಬೇರಿಂಗಿನ ದೊಡ್ಡ ರಾಟೆಯೇ ಬೇಕು.

ಇಲ್ಲಿ ಹೆಚ್ಚಾಗಿ ಕೈಕೊಡುವುದು ವಿದ್ಯುತ್ ಕೇಬಲ್. ನೀರಿಗೆ ಇಳಿಯುವ ದಪ್ಪ ರಬ್ಬರ್ ಕೇಬಲ್ ಸ್ಪ್ರಿಂಗಿನಂತೆ ಕಂಬವನ್ನು ಎಳೆಯುತ್ತದೆ, ಧಾರೆ ಅದಕ್ಕೆ ಬಡಿದರೆ ಇನ್ನೂ ಹೆಚ್ಚು. ಕೇಬಲನ್ನು ಕಂಬಕ್ಕೇ ಬಿಗಿದು ತಿರುಗಣೆಯ ತನಕ ತನ್ನಿ, ಅಲ್ಲಿ ಸಡಿಲವಾದ ಒಂದು ಸುತ್ತು ಬಿಟ್ಟು ಆಮೇಲೆ ಆಚೆಗೆ ಒಯ್ಯಿರಿ. ತೂಕದ ಪರೀಕ್ಷೆಯನ್ನು ಕೇಬಲ್ ಹೀಗೆ ಕಟ್ಟಿದ ಮೇಲೆಯೇ ಮಾಡಿ.

ಯಂತ್ರ ಚಾಲೂ ಮಾಡಿದ ಕೂಡಲೇ ತಳ್ಳುಬಲ ಹೆಚ್ಚು ತೋರಿಸುತ್ತದೆ, ಹೊಂಡದ ನೀರೆಲ್ಲ ಸುತ್ತತೊಡಗಿದಂತೆ ಇಳಿಯುತ್ತದೆ. ಪ್ರೊಪೆಲ್ಲರಿನ ಹಿಂದಿನಿಂದ ಬರುವ ನೀರಿಗೇ ಆಗಲೇ ವೇಗವಿರುವುದು ಅದಕ್ಕೆ ಕಾರಣ. ಹತ್ತು ಹದಿನೈದು ನಿಮಿಷ ಬಿಟ್ಟು, ಓದು ನೆಲೆ ನಿಂತ ಮೇಲೆ ಐದು ನಿಮಿಷದ ಸರಾಸರಿ ತೆಗೆಯಿರಿ. ನಿಂತ ನೀರಿನ ಓದನ್ನೂ ಬರೆದಿಡಿ, ಕಂಪನಿಯ ಕಾಗದದೊಂದಿಗೆ ಹೋಲಿಸಲು ಅದು ಬೇಕು. ಕೊನೆಗೆ ಯಂತ್ರ ನಿಲ್ಲಿಸಿ ನೀರಿನ ಓಟ ನಿಲ್ಲಲು ಬಿಟ್ಟು ಸೊನ್ನೆ ನೋಡಿ.

ಜೊತೆಗೆ ವಿದ್ಯುತ್ತಿನ ಆವರ್ತನ ಬರೆಯಲೇಬೇಕು. ತೋಟದಲ್ಲಿ ಜನರೇಟರಿನ ಮೇಲೆ ಓಡಿಸುವುದು ಸಾಮಾನ್ಯ, ಲೋಡ್ ಬಿದ್ದಾಗ ಅದು 48 ಹರ್ಟ್ಸ್‌ಗೆ ಇಳಿಯುವುದೂ ಸಾಮಾನ್ಯ. ಹರಿವು ಸುತ್ತಿನ ವೇಗದಂತೆ, ತಳ್ಳುಬಲ ಅದರ ವರ್ಗದಂತೆ, ವಿದ್ಯುತ್ತು ಅದರ ಘನದಂತೆ ಬದಲಾಗುತ್ತದೆ. 50ರ ಬದಲು 48 ಹರ್ಟ್ಸ್ ಇದ್ದರೆ ತಳ್ಳುಬಲ ಶೇ. 8ರಷ್ಟು ಕಡಿಮೆ. ವೋಲ್ಟೇಜ್ ಕುಸಿದರೆ ಮೋಟಾರಿನ ಜಾರುವಿಕೆ ಹೆಚ್ಚಿ ಸುತ್ತು ಮತ್ತೂ ಇಳಿಯುತ್ತದೆ. ಮುಳುಗಿದ ಶಾಫ್ಟಿನ ಸುತ್ತು ಎಣಿಸಲು ಕಂಬಕ್ಕೆ ಒಂದು ಕಂಪನ ಸಂವೇದಕ ಅಂಟಿಸಿದರೆ ಸಾಕು. ಮೂರು ಅಲಗು, ಸೆಕೆಂಡಿಗೆ 16 ಸುತ್ತು ಎಂದರೆ 48 ಹರ್ಟ್ಸ್‌ನಲ್ಲಿ ಶಿಖರ ಕಾಣಬೇಕು. ಪಕ್ಕದಲ್ಲೇ 50 ಹರ್ಟ್ಸ್ ವಿದ್ಯುತ್ ಗುನುಗು ಇರುವುದರಿಂದ ಎರಡನ್ನೂ ಬೇರ್ಪಡಿಸುವಷ್ಟು ಹೊತ್ತು, ಕನಿಷ್ಠ ಹತ್ತು ಸೆಕೆಂಡ್, ದಾಖಲಿಸಿಕೊಳ್ಳಿ.

ವೇಗ ಅಳೆಯಲು ಯಾವ ಉಪಕರಣ

ಹೊಳೆಯಲ್ಲಿ ಬಳಸುವ ಬಟ್ಟಲು ಮೀಟರ್ ಇಲ್ಲಿ ಬೇಡ. ಅದಕ್ಕೆ ದಿಕ್ಕು ತಿಳಿಯುವುದಿಲ್ಲ, ನೇರ ವೇಗವನ್ನೂ ಸುತ್ತುವ ವೇಗವನ್ನೂ ಕೂಡಿಸಿ ತೋರಿಸುತ್ತದೆ. ನಮ್ಮ ಯಂತ್ರದ ಪ್ರೊಪೆಲ್ಲರ್ ದಾಟಿದ ಕೂಡಲೇ ಅಂಚಿನಲ್ಲಿ ನೇರ ವೇಗ 1.46, ಸುತ್ತು ವೇಗ ಸುಮಾರು 1.5 ಮೀ/ಸೆ ಇರಬಹುದು. ನೀರು 45 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಹೋಗುತ್ತಿರುತ್ತದೆ. ಬಟ್ಟಲು ಮೀಟರ್ ಅಲ್ಲಿ 2.1 ತೋರಿಸುತ್ತದೆ, ಅಂದರೆ ಶೇ. 40ಕ್ಕೂ ಹೆಚ್ಚು ಸುಳ್ಳು. ನುಗ್ಗುವ ನೀರಿನ ಒತ್ತಡದಿಂದ ವೇಗ ತಿಳಿಸುವ ಪಿಟಾಟ್ ಕೊಳವೆ 1 ಮೀ/ಸೆ ವೇಗಕ್ಕೆ 51 ಮಿ.ಮೀ. ನೀರಿನ ಏರಿಕೆ ಕೊಡುತ್ತದೆ, ಚೆನ್ನಾಗಿಯೇ ಇದೆ. ಆದರೆ 0.15 ಮೀ/ಸೆ ವೇಗಕ್ಕೆ ಸಿಗುವುದು 1 ಮಿ.ಮೀ. ಮಾತ್ರ. ಧಾರೆಯ ಅಂಚಿನಲ್ಲಿ ಅದು ನಿರುಪಯೋಗಿ. ನದಿಗೆ ದೋಣಿಯ ಮೇಲಿಂದ ಬಿಡುವ ಅಕೌಸ್ಟಿಕ್ ಪ್ರೊಫೈಲರಿನ ಶಬ್ದಕಿರಣಗಳು ಹೊರಚಾಚಿ ಹರಡುತ್ತವೆ, ಎಲ್ಲ ಕಿರಣಗಳೂ ಒಂದೇ ವೇಗದ ನೀರನ್ನು ಕಾಣುತ್ತಿವೆ ಎಂಬುದು ಅದರ ಲೆಕ್ಕದ ಬುನಾದಿ. ಸುಳಿಧಾರೆಯಲ್ಲಿ ಒಂದು ಕಿರಣ ಏರುವ ನೀರನ್ನೂ ಇನ್ನೊಂದು ಇಳಿಯುವ ನೀರನ್ನೂ ಕಾಣುತ್ತದೆ.

ಉಳಿದದ್ದು ಎರಡು. ಒಂದು, ನೀರಿನ ಕಣಗಳಿಂದ ಮರಳುವ ಶಬ್ದ ಹಿಡಿದು ಬಿಂದುವಿನಲ್ಲಿ ಮೂರೂ ದಿಕ್ಕಿನ ವೇಗ ಕೊಡುವ ಅಕೌಸ್ಟಿಕ್ ಡಾಪ್ಲರ್ ವೆಲಾಸಿಮೀಟರ್, ಎಲ್ಲರ ಬಾಯಲ್ಲಿ ಎಡಿವಿ. ಇದು ತನ್ನ ಮೂತಿಯಿಂದ 5ರಿಂದ 10 ಸೆಂ.ಮೀ. ಆಚೆಗಿನ ಸಣ್ಣ ಬಿಂದುವನ್ನು ಅಳೆಯುವುದರಿಂದ ಧಾರೆಯನ್ನು ಕೆಡಿಸುವುದು ಕಡಿಮೆ. ಎರಡು, ವಿದ್ಯುತ್ಕಾಂತೀಯ ಕರೆಂಟ್ ಮೀಟರ್. ಎರಡು ದಿಕ್ಕು ಮಾತ್ರ, ಆದರೆ ತಿರುಗುವ ಭಾಗವಿಲ್ಲ, ಕೊಳಕು ನೀರಿಗೆ ತಡೆದುಕೊಳ್ಳುತ್ತದೆ. ಹಣವಿದ್ದರೆ ಎಡಿವಿಯೇ ಸರಿ.

ಎಡಿವಿಗೆ ನೀರಿನ ಉಷ್ಣತೆ ಸರಿಯಾಗಿ ಕೊಡಬೇಕು. ಶಬ್ದದ ವೇಗ 20 ಡಿಗ್ರಿಯಲ್ಲಿ 1,482, 25ರಲ್ಲಿ 1,497 ಮೀ/ಸೆ. ಒಂದು ಡಿಗ್ರಿ ತಪ್ಪಿಗೆ ಶೇ. 0.2 ದೋಷ. ಡಿಸೆಂಬರಿನ ಬೆಳಿಗ್ಗೆ ಮಡಿಕೇರಿ ಕಡೆಯ ನೀರಿಗೂ ಮಾರ್ಚಿನ ಮಧ್ಯಾಹ್ನ ಕುಶಾಲನಗರದ ನೀರಿಗೂ ಇರುವ ವ್ಯತ್ಯಾಸ ನಿರ್ಲಕ್ಷಿಸುವಷ್ಟು ಸಣ್ಣದಲ್ಲ. ಸಂಕೇತದ ಕೋರಿಲೇಶನ್ (ಒಂದರ ಹಿಂದೆ ಒಂದು ಮರಳಿದ ಸಂಕೇತಗಳ ಹೋಲಿಕೆ) ಶೇ. 70ಕ್ಕಿಂತ, ಸಂಕೇತ-ಗದ್ದಲ ಅನುಪಾತ 15 ಡೆಸಿಬೆಲ್‌ಗಿಂತ ಕೆಳಗಿಳಿದ ಓದುಗಳನ್ನು ತೆಗೆದುಹಾಕಿ, ಉಳಿದ ಮುಳ್ಳುಗಳಿಗೆ, ಅಂದರೆ ಇದ್ದಕ್ಕಿದ್ದಂತೆ ಚಿಮ್ಮಿದ ಸುಳ್ಳು ಓದುಗಳಿಗೆ, ಗೋರಿಂಗ್ ಮತ್ತು ನಿಕೋರಾ 2002ರಲ್ಲಿ ಕೊಟ್ಟ ಶೋಧನೆಯನ್ನು ಹಾಯಿಸಿ. ಗಾಳಿಗುಳ್ಳೆ ಬಂದರೆ ಸಂಕೇತ ಬಲವಾಗಿಯೇ ಇರುತ್ತದೆ, ಕೋರಿಲೇಶನ್ ಮಾತ್ರ ಬೀಳುತ್ತದೆ. ಅದು ಕಂಡರೆ ಉಪಕರಣವನ್ನು ದೂರುವ ಮೊದಲು ಹೊಂಡದ ಮೇಲ್ಮೈ ನೋಡಿ. ಪ್ರೊಪೆಲ್ಲರ್ ಮೇಲಿನ ನೀರು ಸಾಲದೆ ಸುಳಿ ಬಿದ್ದು ಗಾಳಿ ಎಳೆಯುತ್ತಿರಬಹುದು, ಆಗ ತಳ್ಳುಬಲವೂ ಏರಿಳಿಯುತ್ತದೆ.

ಕಿತ್ತಳೆ ಹಣ್ಣು ತೇಲಿಬಿಟ್ಟು ಗಡಿಯಾರ ಹಿಡಿಯುವ ಹಳೆಯ ವಿಧಾನ ತೋಡಿಗೆ ಒಳ್ಳೆಯದು. ಹೊಂಡದಲ್ಲಿ ಅದು ಮೇಲ್ಮೈಯ ವೇಗವನ್ನಷ್ಟೇ ಹೇಳುತ್ತದೆ; ಧಾರೆ ಇರುವುದು ಒಂದು ಒಂದೂವರೆ ಮೀಟರ್ ಕೆಳಗೆ.

ಉಪಕರಣ ಹಿಡಿಯುವ ಕೊಳವೆಯ ಬಗ್ಗೆ ಒಂದು ಮಾತು. 40 ಮಿ.ಮೀ. ದುಂಡು ಪೈಪಿನ ಮೇಲೆ 1.15 ಮೀ/ಸೆ ನೀರು ಹೇರುವ ಬಲ ಮೀಟರಿಗೆ 30 ನ್ಯೂಟನ್ ದಾಟುತ್ತದೆ, ಹಿಂದೆ ಸೆಕೆಂಡಿಗೆ ಆರರಷ್ಟು ಸುಳಿ ಕಳಚುತ್ತವೆ. ಪೈಪು ಅದೇ ತಾಳದಲ್ಲಿ ಅಲುಗಿದರೆ ಎಡಿವಿ ಅದನ್ನು ನೀರಿನ ವೇಗವೆಂದೇ ಬರೆದುಕೊಳ್ಳುತ್ತದೆ. ಎರಡು ಕಡೆಯಿಂದ ಓರೆ ಊರುಗೋಲು ಕೊಟ್ಟು ಬಿಗಿಯಿರಿ, ಎಡಿವಿಯ ಮೂತಿಯನ್ನು ಪೈಪಿಗಿಂತ ಕನಿಷ್ಠ 30 ಸೆಂ.ಮೀ. ಮುಂದಕ್ಕೆ, ಬರುವ ನೀರಿನ ಕಡೆಗೆ ಚಾಚಿ.

ಎಲ್ಲಿ, ಎಷ್ಟು ಹೊತ್ತು

ಪ್ರೊಪೆಲ್ಲರಿಗೆ ತೀರ ಹತ್ತಿರ ಅಳೆದರೆ ಸುಳಿಯ ನಡುವೆ ಒತ್ತಡ ಕುಸಿದಿರುತ್ತದೆ, ಅಲಗಿನ ಬಡಿತ ಇರುತ್ತದೆ. ತೀರ ದೂರ ಹೋದರೆ ಹೊಂಡದ ಗೋಡೆ, ತಳ, ಮರಳಿ ಬರುವ ನೀರು ಎಲ್ಲ ಸೇರಿಕೊಳ್ಳುತ್ತವೆ. ವ್ಯಾಸದ 4ರಿಂದ 6 ಪಟ್ಟು ದೂರ, ನಮ್ಮ ಯಂತ್ರಕ್ಕೆ 1.2ರಿಂದ 1.8 ಮೀಟರ್, ಒಳ್ಳೆಯ ಜಾಗ. ಮೊದಲು ಅಡ್ಡಲಾಗಿ ಒಂದು, ಮೇಲಿನಿಂದ ಕೆಳಕ್ಕೆ ಒಂದು ಗೆರೆಯಲ್ಲಿ ಬೇಗ ಬೇಗ ಓದಿ ಧಾರೆಯ ನಿಜವಾದ ನಡು ಎಲ್ಲಿದೆ ಎಂದು ಹುಡುಕಿ. ಅದು ಶಾಫ್ಟಿನ ನೇರದಲ್ಲಿ ಇರುವುದು ಅಪರೂಪ. ತಳ ಹತ್ತಿರವಿದ್ದರೆ ಧಾರೆ ಅತ್ತ ಬಾಗುತ್ತದೆ, ಸುಳಿ ಅದನ್ನು ಪಕ್ಕಕ್ಕೂ ದೂಡುತ್ತದೆ. ಸಿಕ್ಕ ನಡುವನ್ನು ಕೇಂದ್ರವಾಗಿಟ್ಟು 10 ಸೆಂ.ಮೀ. ಅಗಲದ ಉಂಗುರಗಳು, ಪ್ರತಿ ಉಂಗುರದಲ್ಲಿ ಕನಿಷ್ಠ ನಾಲ್ಕು ಬಿಂದು.

ಪ್ರತಿ ಬಿಂದುವಿಗೂ ಒಂದೇ ಹೊತ್ತು ಕೊಡುವುದು ತಪ್ಪು. ಧಾರೆಯ ನಡುವೆ ವೇಗದ ಅಲುಗಾಟ ಸರಾಸರಿಯ ಶೇ. 25-30, ಅಲೆ ಅಲೆಯ ನಡುವಿನ ಹೊತ್ತು ಸೆಕೆಂಡಿನ ಮೂರನೇ ಒಂದರಷ್ಟು. ಅಲ್ಲಿ 60 ಸೆಕೆಂಡಿಗೆ ಶೇ. 3ರ ಒಳಗಿನ ಸರಾಸರಿ ಸಿಗುತ್ತದೆ. ಅಂಚಿನಲ್ಲಿ ನೀರು ನಿಧಾನ, ಅಲುಗಾಟ ಸರಾಸರಿಯಷ್ಟೇ ದೊಡ್ಡದು, ಒಂದೊಂದು ಸುಳಿ ಹಾಯಲು ಎರಡು ಮೂರು ಸೆಕೆಂಡ್ ಬೇಕು. ಅಲ್ಲಿ 60 ಸೆಕೆಂಡಿನ ಸರಾಸರಿ ಶೇ. 30ರಷ್ಟು ಆಚೀಚೆ ಆಗಬಹುದು. ನಡುವೆ ಒಂದು ನಿಮಿಷ ಸಾಕು, ಅಂಚಿನಲ್ಲಿ ಐದು ನಿಮಿಷ ಬೇಕು. ಕೆಲಸ ಮುಗಿಸುವ ಆತುರದಲ್ಲಿ ಕತ್ತರಿ ಬೀಳುವುದು ಯಾವಾಗಲೂ ಅಂಚಿನ ಬಿಂದುಗಳಿಗೇ. ಅದರ ಬೆಲೆ ಏನೆಂದು ಕೆಳಗಿನ ಲೆಕ್ಕ ಹೇಳುತ್ತದೆ.

ಉಂಗುರಗಳ ಲೆಕ್ಕ

ನಮ್ಮ ಯಂತ್ರಕ್ಕೆ 1.5 ಮೀಟರ್ ದೂರದಲ್ಲಿ, ಹಡಗಿನ ಸೂತ್ರದ ಹಿಗ್ಗುವಿಕೆ ಹಿಡಿದು, ಒಂದೊಂದು ಉಂಗುರದ ವೇಗ, ಹರಿವು, ಸಂವೇಗ ಹೀಗೆ ಬರುತ್ತದೆ:

0–10 ಸೆಂ.ಮೀ.: 1.13 ಮೀ/ಸೆ, 35 ಲೀಟರ್, 40 ನ್ಯೂಟನ್
10–20: 0.98 ಮೀ/ಸೆ, 93 ಲೀಟರ್, 91 ನ್ಯೂಟನ್
20–30: 0.75 ಮೀ/ಸೆ, 117 ಲೀಟರ್, 88 ನ್ಯೂಟನ್
30–40: 0.50 ಮೀ/ಸೆ, 109 ಲೀಟರ್, 54 ನ್ಯೂಟನ್
40–50: 0.29 ಮೀ/ಸೆ, 81 ಲೀಟರ್, 23 ನ್ಯೂಟನ್
50–60: 0.145 ಮೀ/ಸೆ, 50 ಲೀಟರ್, 7 ನ್ಯೂಟನ್
60–70: 0.064 ಮೀ/ಸೆ, 26 ಲೀಟರ್, 2 ನ್ಯೂಟನ್
70–80: 0.025 ಮೀ/ಸೆ, 12 ಲೀಟರ್, ಅರ್ಧ ನ್ಯೂಟನ್ನಿಗೂ ಕಡಿಮೆ

ಒಟ್ಟು 523 ಲೀಟರ್, 305 ನ್ಯೂಟನ್. (300 ಬರಬೇಕಿತ್ತು, 10 ಸೆಂ.ಮೀ. ಉಂಗುರ ಸ್ವಲ್ಪ ಒರಟು, ಹೆಚ್ಚಿನ 5 ಅದರದ್ದು.)

ಅತಿ ಹೆಚ್ಚು ವೇಗವಿರುವ ನಡುವಿನ ಉಂಗುರದಲ್ಲಿ 35 ಲೀಟರ್ ಮಾತ್ರ. ಅದರ ಅರ್ಧಕ್ಕಿಂತ ಕಡಿಮೆ ವೇಗವಿರುವ 30–40ರ ಉಂಗುರದಲ್ಲಿ ಮೂರು ಪಟ್ಟು ನೀರು, ಏಕೆಂದರೆ ಹೊರಗೆ ಹೋದಂತೆ ಉಂಗುರದ ವಿಸ್ತೀರ್ಣ ಬೆಳೆಯುತ್ತದೆ. 50 ಸೆಂ.ಮೀ. ಆಚೆ, ವೇಗ ಸೆಕೆಂಡಿಗೆ 15 ಸೆಂ.ಮೀ.ಗಿಂತ ಕೆಳಗಿರುವ ಜಾಗದಲ್ಲಿ, 88 ಲೀಟರ್ ಇದೆ. ಒಟ್ಟು ಹರಿವಿನ ಶೇ. 17. ಅದೇ ಜಾಗದ ಸಂವೇಗ ಶೇ. 3 ಮಾತ್ರ. ಗಂಟೆಯಾಕಾರದ ವೇಗದ ಚಿತ್ರಕ್ಕೆ ಇದರ ನಿಯಮ ಬಹಳ ಸರಳ. ನಡುವಿನ ವೇಗದ ಶೇ. 10ಕ್ಕೆ ಅಳತೆ ನಿಲ್ಲಿಸಿದರೆ ಹರಿವಿನ ಶೇ. 10 ಕೈಬಿಡುತ್ತದೆ, ಸಂವೇಗದ ಶೇ. 1 ಮಾತ್ರ ಕೈಬಿಡುತ್ತದೆ. ಶೇ. 20ಕ್ಕೆ ನಿಲ್ಲಿಸಿದರೆ ಹರಿವಿನ ಶೇ. 20, ಸಂವೇಗದ ಶೇ. 4. ತಳ್ಳುಬಲವನ್ನು ಮೊದಲು ಅಳೆಯಿರಿ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಡ. ಅಂಚನ್ನು ಎಲ್ಲಿ ಕತ್ತರಿಸಿದಿರಿ ಎಂಬುದು ಸಂವೇಗವನ್ನು ಹೆಚ್ಚು ಅಲುಗಿಸುವುದಿಲ್ಲ, ಹರಿವನ್ನು ಅಲುಗಿಸಿಬಿಡುತ್ತದೆ.

ಹಾಗಾಗಿ ಉಂಗುರಗಳ ಸಂವೇಗ ಕೂಡಿಸಿದ್ದು ಲೋಡ್ ಸೆಲ್ ಹೇಳಿದ ತಳ್ಳುಬಲಕ್ಕೆ ಶೇ. 10ರ ಒಳಗೆ ತಾಳೆಯಾಗುವ ತನಕ ಹರಿವಿನ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಸಂವೇಗ ಕಡಿಮೆ ಬಂದರೆ ಸಾಮಾನ್ಯ ಕಾರಣ ನಡು ತಪ್ಪಿರುವುದು ಅಥವಾ ಧಾರೆ ತಳಕ್ಕೆ ಅಂಟಿ ಘರ್ಷಣೆಯಲ್ಲಿ ಸಂವೇಗ ಕಳೆದುಕೊಂಡಿರುವುದು. ಹೆಚ್ಚು ಬಂದರೆ ಒಂದೇ ಗೆರೆಯ ಓದನ್ನು ಸುತ್ತಲೂ ಹಾಗೇ ಇದೆ ಎಂದು ಹಿಡಿದಿರುತ್ತೀರಿ. ಸರಾಸರಿ ವೇಗದ ಜೊತೆ ಅಲುಗಾಟವೂ ಸಂವೇಗಕ್ಕೆ ಕೆಲವು ಶೇಕಡ ಸೇರಿಸುತ್ತದೆ. ಎಡಿವಿ ಅದನ್ನೂ ಕೊಡುತ್ತದೆ, ಆದರೆ ಉಪಕರಣದ ಸ್ವಂತ ಗದ್ದಲವನ್ನು ಕಳೆದು ಲೆಕ್ಕ ಹಾಕಬೇಕು.

ಹೊಂಡದಲ್ಲಿ ಇನ್ನೊಂದು ತಾಳೆ ಪುಕ್ಕಟೆಯಾಗಿ ಸಿಗುತ್ತದೆ. ಗೋಡೆಯಿಂದ ಗೋಡೆಗೆ, ತಳದಿಂದ ಮೇಲ್ಮೈಗೆ ಇಡೀ ಅಡ್ಡಕೊಯ್ತದಲ್ಲಿ ಮುಂದೆ ಹೋದ ನೀರಿನಷ್ಟೇ ಹಿಂದೆ ಬಂದಿರಬೇಕು. ಮರಳುವ ನೀರಿನ ವೇಗ ಧಾರೆಯ ನಡುವಿನ ವೇಗದ ಶೇ. 5 ಮೀರಿದರೆ ಆ ಜಾಗ ಧಾರೆ ಅಳೆಯಲು ಯೋಗ್ಯವಲ್ಲ, ಪ್ರೊಪೆಲ್ಲರಿಗೆ ಇನ್ನಷ್ಟು ಹತ್ತಿರ ಬನ್ನಿ.

ಸುಳಿಯ ಭಾಗ

ತಿರುಗುವ ನೀರು ಹೊರಕ್ಕೆ ಸಿಡಿಯಲು ನೋಡುತ್ತದೆ, ಅದನ್ನು ಹಿಡಿದಿಡಲು ನಡುವೆ ಒತ್ತಡ ಕಡಿಮೆಯಾಗಬೇಕು. ಆ ಕಡಿಮೆ ಒತ್ತಡ ಧಾರೆಯನ್ನು ಹಿಂದಕ್ಕೆ ಎಳೆದಂತೆ. ಆದ್ದರಿಂದ ಸಂವೇಗದ ಲೆಕ್ಕದಲ್ಲಿ ನೇರ ವೇಗದ ವರ್ಗದಿಂದ ಸುತ್ತು ವೇಗದ ವರ್ಗದ ಅರ್ಧವನ್ನು ಕಳೆಯಬೇಕು. ನಮ್ಮ ಯಂತ್ರಕ್ಕೆ ಪ್ರೊಪೆಲ್ಲರ್ ದಾಟಿದ ಕೂಡಲೇ ಈ ಕಳೆತ ಸುಮಾರು 40 ನ್ಯೂಟನ್, 1.5 ಮೀಟರಿನಲ್ಲಿ 3 ನ್ಯೂಟನ್. ನೇರ ವೇಗ ದೂರದಂತೆ ಇಳಿದರೆ ಸುತ್ತು ವೇಗ ದೂರದ ವರ್ಗದಂತೆ ಇಳಿಯುತ್ತದೆ. ಹತ್ತಿರ ಅಳೆಯಬೇಡಿ ಎಂದದ್ದು ಇದಕ್ಕೇ.

ಸುಳಿಗೂ ಬದಲಾಗದ ಒಂದು ಮೊತ್ತವಿದೆ, ಅದು ಕೋನೀಯ ಸಂವೇಗ. ಪ್ರತಿ ಉಂಗುರದಲ್ಲಿ ಸಾಂದ್ರತೆ, ಹರಿವು, ಸುತ್ತು ವೇಗ, ತ್ರಿಜ್ಯ ನಾಲ್ಕನ್ನೂ ಗುಣಿಸಿ ಕೂಡಿಸಿದರೆ ಶಾಫ್ಟಿನ ಟಾರ್ಕ್, ಅಂದರೆ ತಿರುಗುಬಲ, ಬರಬೇಕು. 1.2 ಕಿಲೋವ್ಯಾಟ್, ಸೆಕೆಂಡಿಗೆ 16 ಸುತ್ತು ಎಂದರೆ 12 ನ್ಯೂಟನ್-ಮೀಟರ್. ಕಂಬ ಅಥವಾ ಕವಚದ ಆಧಾರಪಟ್ಟಿಗಳು ಸ್ವಲ್ಪ ಸುಳಿಯನ್ನು ನೇರ ಮಾಡುವುದರಿಂದ ಅಳತೆ ಅದಕ್ಕಿಂತ ಕಡಿಮೆ ಬರಬಹುದು. ಹೆಚ್ಚು ಬಂದರೆ ಖಂಡಿತ ಎಲ್ಲೋ ತಪ್ಪಿದೆ.

ಎಲ್ಲಿ ತಪ್ಪುತ್ತದೆ ಎಂದರೆ ಎಡಿವಿಯ ಕೂರಿಸುವಿಕೆಯಲ್ಲಿ. 1.5 ಮೀಟರಿನಲ್ಲಿ ನಿಜವಾದ ಸುತ್ತು ವೇಗ ಹೆಚ್ಚೆಂದರೆ 0.1 ಮೀ/ಸೆ. ಎಡಿವಿ 5 ಡಿಗ್ರಿ ಓರೆ ಕೂತಿದ್ದರೆ ನೇರ ವೇಗದ ಓದು ಶೇ. 0.4 ಮಾತ್ರ ಇಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ 1.15 ಮೀ/ಸೆ ನೇರ ವೇಗದಿಂದ 0.1 ಮೀ/ಸೆ ಸುಳ್ಳು ಸುತ್ತು ಹುಟ್ಟುತ್ತದೆ, ನಿಜದಷ್ಟೇ ದೊಡ್ಡದು. ಕಣ್ಣಂದಾಜಿನಲ್ಲಿ 5 ಡಿಗ್ರಿ ಹಿಡಿಯಲಾಗದು. ಪರಿಹಾರ ಸುಲಭವಿದೆ. ನಿಜವಾದ ಸುಳಿ ಕೇಂದ್ರದ ಎಡಕ್ಕೆ ಮೇಲ್ಮುಖವಾಗಿದ್ದರೆ ಬಲಕ್ಕೆ ಕೆಳಮುಖ, ಚಿಹ್ನೆ ಬದಲಾಗುತ್ತದೆ. ಓರೆಯಿಂದ ಹುಟ್ಟಿದ್ದು ಎರಡೂ ಕಡೆ ಒಂದೇ ಚಿಹ್ನೆಯಲ್ಲಿರುತ್ತದೆ. ಒಂದೇ ತ್ರಿಜ್ಯದ ಎರಡು ಬದಿಯ ಓದನ್ನು ಕಳೆದು ಅರ್ಧ ಮಾಡಿದರೆ ಸುಳಿ, ಕೂಡಿಸಿ ಅರ್ಧ ಮಾಡಿದರೆ ಓರೆಯ ದೋಷ. ಅರ್ಧ ಧಾರೆಯನ್ನಷ್ಟೇ ಅಳೆದು ಉಳಿದರ್ಧ ಹಾಗೇ ಇದ್ದೀತು ಎಂದುಕೊಂಡವರಿಗೆ ಈ ದಾರಿ ಮುಚ್ಚಿಹೋಗುತ್ತದೆ.

ಪಲ್ಪಿಂಗ್ ನೀರಿನಲ್ಲಿ

ಇಡೀ ಉಂಗುರದ ಅಳತೆಯನ್ನು ಹಂಗಾಮಿಗೆ ಮೊದಲೇ, ಮಳೆ ನಿಂತು ಕೆರೆ ತುಂಬಿರುವ ಅಕ್ಟೋಬರ್ ಹೊತ್ತಿಗೆ, ತಿಳಿನೀರು ತುಂಬಿಸಿ ಮಾಡಿಬಿಡುವುದು ವಾಸಿ. ತೀರ ತಿಳಿಯಾಗಿದ್ದರೆ ಎಡಿವಿಗೆ ಸಂಕೇತ ಸಾಲದು. ಒಂದೆರಡು ಹಿಡಿ ನಯವಾದ ಜೇಡಿ ಕದಡಿ ಬಿಟ್ಟರೆ ಸರಿಹೋಗುತ್ತದೆ. ಹಂಗಾಮಿನಲ್ಲಿ ಲೋಳೆ ಎಡಿವಿಯ ಮುಖಕ್ಕೆ ತೆಳುವಾಗಿ ಮೆತ್ತಿಕೊಳ್ಳುತ್ತದೆ, ಸಂಕೇತ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ವಿದ್ಯುತ್ಕಾಂತೀಯ ಮೀಟರಿನ ಎಲೆಕ್ಟ್ರೋಡ್ ಮೇಲೆ ಅದೇ ಲೋಳೆ ಕೂತರೆ ಸೊನ್ನೆಯೇ ಜರುಗುತ್ತದೆ. ಮೃದು ಬಟ್ಟೆ, ತೆಳು ಸೋಪಿನ ನೀರು, ಪ್ರತಿ ಗೆರೆ ಮುಗಿದಾಗ ಒಮ್ಮೆ ಒರೆಸಿ, ಬಕೆಟ್ಟಿನ ನಿಂತ ನೀರಿನಲ್ಲಿ ಅದ್ದಿ ಸೊನ್ನೆ ನೋಡಿ. ಉಜ್ಜಬೇಡಿ. ಸುಣ್ಣ ಹಾಕುವ ಮೊದಲು, ನೀರು ಇನ್ನೂ ಹುಳಿಯಾಗಿರುವಾಗ, ಲೋಳೆಯ ಪೆಕ್ಟಿನ್ ಗಟ್ಟಿಯಾಗಿ ಮೇಲೆ ಕೆನೆಯಾಗಿ ತೇಲುತ್ತದೆ. ಅದರ ತುಂಡುಗಳು ಧಾರೆಗೆ ಸಿಕ್ಕಿ ಉಪಕರಣದ ಕೈಗಳಿಗೆ ಜೋತುಬೀಳುತ್ತವೆ, ಸಿಪ್ಪೆ ಚೂರು ಮತ್ತು ಸಿಲ್ವರ್ ಓಕ್ ಎಲೆಯೂ ಹಾಗೆಯೇ. ಓದು ಇದ್ದಕ್ಕಿದ್ದಂತೆ ಮೆಟ್ಟಿಲಿಳಿದರೆ ಮೇಲೆತ್ತಿ ನೋಡಿ.

ಹೊಂಡದೊಳಗೆ ಇಳಿಯುವ ಕೆಲಸವೇ ಇಲ್ಲದಂತೆ ಎಲ್ಲವನ್ನೂ ಮೇಲಿನಿಂದ ಏರಿಸಿ ಇಳಿಸುವ ಹಾಗೆ ಕಟ್ಟಿಕೊಳ್ಳಿ. ಗಾಳಿಯಿಲ್ಲದೆ ಕೊಳೆಯುವ ಪಲ್ಪಿಂಗ್ ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಆಳದ ಹೊಂಡದಲ್ಲಿ ಅದು ತಳದಲ್ಲಿ ತುಂಬಿ ಕೂರುತ್ತದೆ. ಮಿಕ್ಸರಿನ ಸಾಲಿಗೆ ನೆಲಸೋರಿಕೆ ತಡೆ ಬ್ರೇಕರ್ ಇಲ್ಲದಿದ್ದರೆ ಅಳತೆ ಶುರುಮಾಡಬೇಡಿ, ಕಂಬ ಮುಟ್ಟುವ ಮೊದಲು ಸ್ವಿಚ್ಚಿಗೆ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಳ್ಳಿ.

ಹಂಗಾಮಿನುದ್ದಕ್ಕೂ ನೋಡಬೇಕಾದ್ದು ಸ್ವಲ್ಪವೇ: ವಿದ್ಯುತ್ತು, ಆವರ್ತನ, ಮತ್ತು ಅಕ್ಟೋಬರಿನಲ್ಲಿ ಅಳೆದ ಅದೇ ಅಡ್ಡಕೊಯ್ತದಲ್ಲಿ ಎರಡು ಬಿಂದು, ಒಂದು ನಡುವಿನಲ್ಲಿ, ಇನ್ನೊಂದು ವೇಗ ಅದರ ಅರ್ಧವಿದ್ದ ಜಾಗದಲ್ಲಿ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಸುತ್ತು ಕಡಿಮೆಯಾಗಿದೆ, ಜನರೇಟರ್ ಅಥವಾ ವೋಲ್ಟೇಜ್ ನೋಡಿ. ನಡು ಇಳಿದು ಅಂಚು ಏರಿದ್ದರೆ ಧಾರೆ ಮೊದಲಿಗಿಂತ ಅಗಲವಾಗಿದೆ. ಅಲಗಿಗೆ ನಾರು ಸುತ್ತಿದಾಗ ಸುಳಿ ಹೆಚ್ಚಿ ತಳ್ಳುಬಲ ಬೀಳುತ್ತದೆ, ವಿದ್ಯುತ್ತು ಮಾತ್ರ ಏರುತ್ತದೆ. ಎರಡೂ ಬಿಂದು ಒಂದಕ್ಕೊಂದು ಸಂಬಂಧವಿಲ್ಲದೆ ಬದಲಾಗಿದ್ದರೆ ಮೊದಲು ಕಂಬದ ಕೋನ ನೋಡಿ. ಕಂಬದ ಬಿಗಿ ಸಡಿಲಾಗಿ ಮಿಕ್ಸರ್ ನಾಲ್ಕೈದು ಡಿಗ್ರಿ ತಿರುಗಿದರೆ 1.5 ಮೀಟರಿನಲ್ಲಿ ಧಾರೆಯ ನಡು 10ರಿಂದ 13 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ.